ಡಿಜಿಟಲ್ ಫೋಟೊ ಫ್ರೇಮ್ ನಡುವೆಯೇ ನಿಂತುಹೋದಾಗ ದೋಷವನ್ನು ಹುಡುಕುವ ಕ್ರಮ

ಮೈಸೂರಿನ ಅಗ್ರಹಾರದಲ್ಲಿರುವ ನಮ್ಮ ಹಳೆಯ ಮನೆಯ ನಡುಮನೆಗೆ ದಸರಾ ಮುಗಿದ ವಾರದಲ್ಲಿ ಹತ್ತು ಅಂಗುಲದ ಡಿಜಿಟಲ್ ಫೋಟೊ ಫ್ರೇಮ್ ಒಂದನ್ನು ತಂದೆವು. ಮೊಬೈಲಿನ ಪುಟ್ಟ ಪರದೆಯ ಮೇಲೆ ಬೆರಳಾಡಿಸುತ್ತ ಫೋಟೊ ನೋಡುವುದು ಎಪ್ಪತ್ತು ದಾಟಿದ ಅಮ್ಮನ ಕಣ್ಣಿಗೂ ಕೈಗೂ ಒಗ್ಗುತ್ತಿರಲಿಲ್ಲ. ಕುರ್ಚಿಯಲ್ಲಿ ಕುಳಿತಲ್ಲಿಂದಲೇ, ಏನನ್ನೂ ಒತ್ತದೆ, ಒಂದಾದ ಮೇಲೊಂದು ಚಿತ್ರ ಅವರಿಗೆ ಕಾಣಬೇಕೆಂಬುದಷ್ಟೇ ನಮ್ಮ ಅಪೇಕ್ಷೆಯಾಗಿತ್ತು. ಮನೆಯಲ್ಲಿ ಕೂರಿಸಿದ್ದ ಬೊಂಬೆಗಳು, ದೀಪ ಹೊತ್ತ ಅರಮನೆ, ಜಂಬೂ ಸವಾರಿ, ಮೇಲುಕೋಟೆಯ ವೈರಮುಡಿ, ರಂಗನತಿಟ್ಟಿನ ಹಕ್ಕಿಗಳು, ಇವುಗಳ ಜೊತೆಗೆ ಸ್ಟುಡಿಯೊ ಒಂದರಲ್ಲಿ ಸ್ಕ್ಯಾನ್ ಮಾಡಿಸಿದ ಅಪ್ಪ ಅಮ್ಮನ ಮದುವೆಯ ಚಿತ್ರಗಳು, ಹೀಗೆ ಒಟ್ಟು 290 ಫೋಟೊಗಳನ್ನು ಮೆಮೊರಿ ಕಾರ್ಡಿಗೆ ತುಂಬಿ ಫ್ರೇಮಿಗೆ ಹಾಕಿದೆವು. ಮೊದಲ ಸಂಜೆಯೇ ತೊಂದರೆ ಆರಂಭವಾಯಿತು. ಸ್ವಲ್ಪ ಹೊತ್ತು ಓಡಿದ ಮೇಲೆ ಪರದೆ ಕಪ್ಪಾಗಿ, ತಯಾರಕರ ಲಾಂಛನ ಮೂಡಿ, ಎಲ್ಲವೂ ಮೊದಲಿನಿಂದ ಶುರುವಾಗುತ್ತಿತ್ತು. ಇನ್ನು ಕೆಲವೊಮ್ಮೆ ಒಂದೇ ಚಿತ್ರ ಅಲ್ಲಾಡದೆ ನಿಂತುಬಿಡುತ್ತಿತ್ತು. ನಿಂತುಕೊಂಡು ತೆಗೆಸಿಕೊಂಡ ಫೋಟೊಗಳಲ್ಲಿ ಹಲವು ಅಡ್ಡಕ್ಕೆ ಮಲಗಿದ್ದವು. ಫ್ರೇಮ್ ತಾನೇ ತೋರಿಸುವ ಲೆಕ್ಕದಲ್ಲಿ 256 ಚಿತ್ರಗಳು ಮಾತ್ರ ಇದ್ದವು.

ಇಷ್ಟು ಬಗೆಯ ತೊಂದರೆ ಒಟ್ಟಿಗೆ ಕಂಡಾಗ ಸಾಧನವೇ ಕೆಟ್ಟಿದೆ ಎಂದು ಭಾವಿಸಿ ಹಿಂದಿರುಗಿಸುವುದು ಸಹಜ. ನಾವೂ ಪೆಟ್ಟಿಗೆಯನ್ನು ಹೊರಗೆ ತೆಗೆದಿಟ್ಟಿದ್ದೆವು. ಆದರೆ ಎರಡು ದಿನ ಕ್ರಮವಾಗಿ ಪರೀಕ್ಷಿಸಿದ ಮೇಲೆ ತಿಳಿದದ್ದು ಬೇರೆ: ಅಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಕಾರಣಗಳಿದ್ದವು, ನಾಲ್ಕೂ ಫ್ರೇಮಿನ ಹೊರಗಿದ್ದವು. ಅಂತಹ ಪರೀಕ್ಷೆಯನ್ನು ಯಾರು ಬೇಕಾದರೂ ಮನೆಯಲ್ಲಿಯೇ ಮಾಡಬಹುದಾದ್ದರಿಂದ ಅದರ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ.

ಮೊದಲು ಗಮನಿಸಬೇಕಾದದ್ದು

ಯಾವುದನ್ನೂ ಬಿಚ್ಚುವ, ಬದಲಿಸುವ, ಅಳಿಸುವ ಮೊದಲು ಒಂದು ಹಾಳೆಯನ್ನೂ ಗಡಿಯಾರವನ್ನೂ ಇಟ್ಟುಕೊಂಡು ಅರ್ಧ ಗಂಟೆ ಫ್ರೇಮಿನ ಎದುರು ಕುಳಿತುಕೊಳ್ಳಬೇಕು. ಚಿತ್ರಗಳನ್ನು ಕಲಸಿ ತೋರಿಸುವ ಆಯ್ಕೆಯನ್ನು ನಿಲ್ಲಿಸಿ, ಅವು ಪ್ರತಿ ಸಲವೂ ಒಂದೇ ಕ್ರಮದಲ್ಲಿ ಬರುವಂತೆ ಮಾಡಬೇಕು. ಫ್ರೇಮ್ ನಿಂತಾಗಲೆಲ್ಲ ಎಷ್ಟು ನಿಮಿಷಕ್ಕೆ ನಿಂತಿತು, ಕೊನೆಯದಾಗಿ ಯಾವ ಚಿತ್ರ ಪರದೆಯ ಮೇಲಿತ್ತು ಎಂಬೆರಡನ್ನೂ ಬರೆದುಕೊಳ್ಳಬೇಕು. ದೋಷದ ಮೂಲ ಈ ಎರಡು ಸಾಲುಗಳಲ್ಲಿಯೇ ಬಹುಪಾಲು ಹೊರಬೀಳುತ್ತದೆ. ಪ್ರತಿ ಸಲವೂ ಒಂದೇ ಚಿತ್ರದ ಬಳಿ ನಿಂತರೆ ಆ ಚಿತ್ರದ ಅಥವಾ ಅದರ ಮುಂದಿನ ಚಿತ್ರದ ಕಡತದಲ್ಲಿ ತೊಂದರೆಯಿದೆ. ಒಮ್ಮೆ ಇಲ್ಲಿ, ಒಮ್ಮೆ ಅಲ್ಲಿ, ಹೊತ್ತುಗೊತ್ತಿಲ್ಲದೆ ಪುನರಾರಂಭಗೊಂಡರೆ ವಿದ್ಯುತ್ ಪೂರೈಕೆಯನ್ನು ಶಂಕಿಸಬೇಕು. ಆರಂಭದ ಚಿತ್ರಗಳು ಸರಿಯಾಗಿದ್ದು, ಒಂದು ಹಂತದ ನಂತರದವೆಲ್ಲ ಅರ್ಧ ಬೂದಿಬಣ್ಣವಾಗಿಯೋ ಪಟ್ಟೆಪಟ್ಟೆಯಾಗಿಯೋ ಕಂಡರೆ ಕಾರ್ಡನ್ನು ಶಂಕಿಸಬೇಕು. ಫ್ರೇಮಿನ ಮೆನು ಪರದೆಯಲ್ಲಿಯೂ ಅದೇ ಗೆರೆ, ಅದೇ ಕಲೆ, ಅದೇ ನಡುಕ ಕಾಣುತ್ತಿದ್ದರೆ ಮಾತ್ರ ಸಾಧನವನ್ನು ಶಂಕಿಸಬೇಕು, ಏಕೆಂದರೆ ಮೆನು ಕಾಣಿಸಲು ನಮ್ಮ ಫೋಟೊಗಳೂ ಬೇಕಿಲ್ಲ, ಕಾರ್ಡೂ ಬೇಕಿಲ್ಲ.

ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸುವುದು ಇಡೀ ಪರೀಕ್ಷೆಯ ನಿಯಮ. ಕೇಬಲ್, ಕಾರ್ಡು, ಫೋಟೊ ಮೂರನ್ನೂ ಒಟ್ಟಿಗೆ ಬದಲಿಸಿದರೆ ತೊಂದರೆ ಹೋಗಬಹುದು, ಆದರೆ ಯಾವುದರಿಂದ ಹೋಯಿತೆಂದು ತಿಳಿಯುವುದಿಲ್ಲ. ಮೂರು ವಾರದ ಮೇಲೆ ಅದು ಮರಳಿ ಬಂದಾಗ ಮತ್ತೆ ಮೊದಲಿನಿಂದ ಹುಡುಕಬೇಕಾಗುತ್ತದೆ. ನಮ್ಮ ಹಾಳೆಯಲ್ಲಿ ಎರಡೂ ಬಗೆಯ ದಾಖಲೆಗಳಿದ್ದವು. ಮೂರು ಸಲ ಮದುವೆಯ ಒಂದೇ ಚಿತ್ರದ ಹತ್ತಿರ ಪರದೆ ಸ್ತಬ್ಧವಾಗಿತ್ತು; ಐದು ಸಲ ಬೇರೆ ಬೇರೆ ಕಡೆ ಫ್ರೇಮ್ ಆರಿ ಹೊತ್ತಿತ್ತು. ದೋಷ ಒಂದಲ್ಲ, ಕನಿಷ್ಠ ಎರಡು ಎಂಬುದು ಅಲ್ಲಿಗೆ ಖಚಿತವಾಯಿತು.

ತಾನೇ ಆರಿ ಹೊತ್ತುವುದು

ಹಳೆಯ ಮನೆಗಳಲ್ಲಿ ಪ್ಲಗ್ ಪಾಯಿಂಟುಗಳು ಬೇಕಾದ ಕಡೆ ಇರುವುದಿಲ್ಲ. ನಮ್ಮ ಫ್ರೇಮ್ ಗೂಡಿನಲ್ಲಿ ಕುಳಿತಿತ್ತು, ಪ್ಲಗ್ ಬಾಗಿಲಿನ ಪಕ್ಕದಲ್ಲಿತ್ತು; ಜೊತೆಯಲ್ಲಿ ಬಂದ ಕೇಬಲ್ ಅಲ್ಲಿಯವರೆಗೆ ಮುಟ್ಟುತ್ತಿರಲಿಲ್ಲವಾದ್ದರಿಂದ ಮೂರು ಮೀಟರ್ ಉದ್ದದ ಯುಎಸ್‌ಬಿ ಕೇಬಲ್ ಒಂದನ್ನು ಹಾಕಿದ್ದೆವು. ಫ್ರೇಮ್ ಹೊತ್ತಿಕೊಂಡಿತು, ಚಿತ್ರ ಬಂತು, ಕೇಬಲ್ ಸರಿಯಿದೆ ಎಂದುಕೊಂಡೆವು. ತಪ್ಪಾದದ್ದು ಇಲ್ಲಿಯೇ.

ಅಗ್ಗದ ಉದ್ದ ಕೇಬಲ್‌ಗಳ ಒಳಗಿನ ತಾಮ್ರದ ಎಳೆ ಬಹಳ ತೆಳುವಾಗಿರುತ್ತದೆ. ಗೇಜ್ ಎಂದರೆ ತಂತಿಯ ದಪ್ಪದ ಅಳತೆ, ಅಂಕೆ ಹೆಚ್ಚಿದಷ್ಟೂ ತಂತಿ ತೆಳು; 28 ಗೇಜಿನ ತಂತಿಯ ಪ್ರತಿರೋಧ ಮೀಟರಿಗೆ ಸುಮಾರು 0.21 ಓಮ್. ವಿದ್ಯುತ್ತು ಹೋಗುವ ತಂತಿ ಮೂರು ಮೀಟರ್, ಮರಳುವ ತಂತಿ ಮೂರು ಮೀಟರ್, ಒಟ್ಟು ಆರು ಮೀಟರಿಗೆ 1.2 ಓಮ್‌ಗಿಂತ ಹೆಚ್ಚಾಗುತ್ತದೆ. ಫ್ರೇಮ್ 1 ಆಂಪಿಯರ್ ಎಳೆದರೆ ಆ ಕೇಬಲ್ಲಿನಲ್ಲಿಯೇ 1.2 ವೋಲ್ಟ್ ಕರಗಿ, ಅಡಾಪ್ಟರಿನಿಂದ ಹೊರಟ 5 ವೋಲ್ಟ್ ಫ್ರೇಮನ್ನು ತಲುಪುವಾಗ 3.8ಕ್ಕೆ ಇಳಿದಿರುತ್ತದೆ. ಅದೇ ಉದ್ದದಲ್ಲಿ 20 ಗೇಜಿನ ದಪ್ಪ ತಂತಿಯಿದ್ದರೆ ಇಳಿಯುವುದು ಸುಮಾರು 0.2 ವೋಲ್ಟ್ ಮಾತ್ರ. ಫ್ರೇಮ್ ಎಲ್ಲ ಹೊತ್ತಿನಲ್ಲಿಯೂ ಸಮನಾಗಿ ವಿದ್ಯುತ್ತನ್ನು ಎಳೆಯುವುದಿಲ್ಲ. ದೊಡ್ಡ ಫೋಟೊವನ್ನು ಬಿಡಿಸಿ ಪರದೆಗೆ ತರುವ ಕ್ಷಣದಲ್ಲಿ, ವೈ-ಫೈ ಮೂಲಕ ಕಳುಹಿಸುವ ಕ್ಷಣದಲ್ಲಿ ಅದರ ಬೇಡಿಕೆ ಏರುತ್ತದೆ. ಆ ಕ್ಷಣಗಳಲ್ಲಿ ವೋಲ್ಟೇಜ್ ಮಿತಿಗಿಂತ ಕೆಳಗಿಳಿದರೆ ಸಾಧನ ಪುನರಾರಂಭಗೊಳ್ಳುತ್ತದೆ. ಅದಕ್ಕಾಗಿಯೇ ಈ ಬಗೆಯ ದೋಷ ಹೊತ್ತುಗೊತ್ತಿಲ್ಲದ್ದಾಗಿ ಕಾಣುತ್ತದೆ.

ಮಲ್ಟಿಮೀಟರ್ ಇಲ್ಲದವರಿಗೂ ಇದನ್ನು ಪತ್ತೆಹಚ್ಚುವ ಸುಲಭ ಉಪಾಯವಿದೆ. ಪರದೆಯ ಹೊಳಪನ್ನು ಅತಿ ಕಡಿಮೆಗೆ ಇಳಿಸಿ ಒಂದು ಗಂಟೆ ಓಡಿಸಬೇಕು. ಫ್ರೇಮ್ ಬಳಸುವ ವಿದ್ಯುತ್ತಿನ ದೊಡ್ಡ ಪಾಲು ಹಿಂಬೆಳಕಿಗೆ ಹೋಗುವುದರಿಂದ, ಹೊಳಪು ಇಳಿಸಿದಾಗ ಪುನರಾರಂಭ ನಿಂತು, ಏರಿಸಿದಾಗ ಮರಳಿದರೆ, ದೋಷ ಅಡಾಪ್ಟರಿನಲ್ಲಿಯೋ ಕೇಬಲ್ಲಿನಲ್ಲಿಯೋ ಇದೆ. ಆಮೇಲೆ ಫ್ರೇಮಿನ ಜೊತೆಗೇ ಬಂದ ಅಡಾಪ್ಟರ್ ಮತ್ತು ಕೇಬಲ್ಲನ್ನು, ನಡುವೆ ಯಾವ ಎಕ್ಸ್‌ಟೆನ್ಷನ್ ಬೋರ್ಡೂ ಇಲ್ಲದೆ, ನೇರವಾಗಿ ಗೋಡೆಯ ಪ್ಲಗ್ಗಿಗೆ ಹಾಕಿ ಪೂರ್ಣ ಹೊಳಪಿನಲ್ಲಿ ಮತ್ತೊಂದು ಗಂಟೆ ನೋಡಬೇಕು. ನಮ್ಮಲ್ಲಿ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಇಟ್ಟು ಹೀಗೆ ಓಡಿಸಿದಾಗ ಪುನರಾರಂಭ ಒಂದು ಸಲವೂ ಆಗಲಿಲ್ಲ. ಗೂಡಿನ ಹತ್ತಿರಕ್ಕೆ ಪ್ಲಗ್ ಪಾಯಿಂಟ್ ಹಾಕಿಸಿದ ಮೇಲೆ ಆ ದೋಷ ಪೂರ್ತಿ ತೀರಿತು. ಕಡಿಮೆ ವೋಲ್ಟಿನ ಉದ್ದ ಕೇಬಲ್ ಎಳೆಯುವುದಕ್ಕಿಂತ 230 ವೋಲ್ಟಿನ ಪಾಯಿಂಟನ್ನು ಎಲೆಕ್ಟ್ರಿಷಿಯನ್ ಒಬ್ಬರ ಕೈಯಲ್ಲಿ ಹತ್ತಿರಕ್ಕೆ ತರಿಸುವುದೇ ಸರಿಯೆಂದು ನನ್ನ ಅಭಿಪ್ರಾಯ. ಅಷ್ಟೇ ಶಕ್ತಿಗೆ ಹೆಚ್ಚಿನ ವೋಲ್ಟೇಜಿನಲ್ಲಿ ತಂತಿಯಲ್ಲಿ ಹರಿಯುವ ಕರೆಂಟ್ ಕಡಿಮೆ, ಆದ್ದರಿಂದ ದಾರಿಯಲ್ಲಿ ಕರಗುವುದೂ ಕಡಿಮೆ.

ಕರೆಂಟ್ ಹೋಗಿ ಇನ್ವರ್ಟರ್ ಹೊತ್ತಿಕೊಳ್ಳುವಾಗ ಮಾತ್ರ ಫ್ರೇಮ್ ಒಮ್ಮೆ ಆರಿ ಹೊತ್ತಿದರೆ ಅದು ದೋಷವಲ್ಲ, ಬದಲಾಗುವ ನಡುವಿನ ಕ್ಷಣಮಾತ್ರದ ಬಿಡುವಿನ ಪರಿಣಾಮ. ಆದರೆ ಪ್ರತಿ ಸಲ ಕರೆಂಟ್ ಹೋಗಿ ಬಂದ ಮೇಲೆ ಫ್ರೇಮಿನ ದಿನಾಂಕ ಹಳೆಯ ಯಾವುದೋ ವರ್ಷಕ್ಕೆ ಮರಳಿದರೆ, ರಾತ್ರಿ ತಾನೇ ಆರುವಂತೆ ವೇಳೆ ಗೊತ್ತುಮಾಡಿದ ಫ್ರೇಮ್ ನಡುರಾತ್ರಿಯಲ್ಲಿ ಬೆಳಗುತ್ತದೆ, ಹಗಲು ಕತ್ತಲಾಗಿರುತ್ತದೆ. ಇದನ್ನು ಪರದೆಯ ದೋಷವೆಂದು ತಿಳಿದವರೂ ಇದ್ದಾರೆ. ಒಳಗೆ ಗಡಿಯಾರಕ್ಕೆ ನಾಣ್ಯದಾಕಾರದ ಬ್ಯಾಟರಿ ಇಲ್ಲದಿರುವುದು ಅಥವಾ ಅದು ಬರಿದಾಗಿರುವುದು ಕಾರಣ. ದಿನಾಂಕ, ವೇಳೆ ಸರಿಪಡಿಸಿದರೆ ಸಾಕು.

ಪರದೆ ಪೂರ್ತಿ ಕತ್ತಲಾಗಿದ್ದು ಸಾಧನದ ದೀಪ ಮಾತ್ರ ಉರಿಯುತ್ತಿದ್ದರೆ, ಕೋಣೆಯ ಬೆಳಕನ್ನು ಆರಿಸಿ ಟಾರ್ಚನ್ನು ಪರದೆಗೆ ಓರೆಯಾಗಿ ಹಿಡಿದು ನೋಡಬೇಕು. ಚಿತ್ರದ ಮಸುಕು ರೂಪ ಕಂಡರೆ ಹಿಂಬೆಳಕು ಕೆಟ್ಟಿದೆ. ಅದು ದುರಸ್ತಿಯವರ ಕೆಲಸ. ರಿಮೋಟ್ ಕೆಲಸ ಮಾಡದಿದ್ದರೆ ಬ್ಯಾಟರಿಯ ಬಳಿ ಹೊರಚಾಚಿರುವ ತೆಳು ಪ್ಲಾಸ್ಟಿಕ್ ಪಟ್ಟಿಯನ್ನು ಎಳೆದು ತೆಗೆಯಲಾಗಿದೆಯೇ ನೋಡಿ, ನಂತರ ಅದರ ಮೂತಿಯನ್ನು ಮೊಬೈಲಿನ ಮುಂಗ್ಯಾಮೆರಾಕ್ಕೆ ಹಿಡಿದು ಗುಂಡಿ ಒತ್ತಬೇಕು. ಕಣ್ಣಿಗೆ ಕಾಣದ ಅವಗೆಂಪು ಬೆಳಕು ಬಹಳಷ್ಟು ಫೋನುಗಳ ಪರದೆಯಲ್ಲಿ ಚುಕ್ಕೆಯಾಗಿ ಮಿನುಗುತ್ತದೆ.

ಕಾರ್ಡು

ಮೆಮೊರಿ ಕಾರ್ಡಿನ ವಿಷಯದಲ್ಲಿ ದೊಡ್ಡದೇ ಒಳ್ಳೆಯದೆಂಬ ನಂಬಿಕೆಯಿಂದ ಹೊರಬರಬೇಕು. 4ರಿಂದ 32 ಜಿಬಿಯವರೆಗಿನ ಕಾರ್ಡುಗಳು ಕಡತಗಳನ್ನು ಜೋಡಿಸಿಡುವ ಫ್ಯಾಟ್32 ಎಂಬ ವ್ಯವಸ್ಥೆಯಲ್ಲಿ ಬರುತ್ತವೆ. 64 ಜಿಬಿ ಮತ್ತು ಅದಕ್ಕಿಂತ ದೊಡ್ಡ ಕಾರ್ಡುಗಳು ಎಕ್ಸ್‌ಫ್ಯಾಟ್ ವ್ಯವಸ್ಥೆಯಲ್ಲಿ ಬರುತ್ತವೆ. ಎಕ್ಸ್‌ಫ್ಯಾಟ್ ಓದಲು ಬಾರದ ಫ್ರೇಮುಗಳು ಬಹಳ ಇವೆ, ಅವು ಹೊಸ ದೊಡ್ಡ ಕಾರ್ಡನ್ನು ಹಾಕಿದರೂ ಕಾರ್ಡೇ ಇಲ್ಲವೆಂದು ಹೇಳುತ್ತವೆ. ಹತ್ತು ಅಂಗುಲದ ಪರದೆಗೆ ತಕ್ಕಂತೆ ಕುಗ್ಗಿಸಿದ ಒಂದು ಫೋಟೊ ಅರ್ಧ ಎಂಬಿಯಷ್ಟಿರುತ್ತದೆ. ಮುನ್ನೂರು ಫೋಟೊಗಳಿಗೆ 150 ಎಂಬಿ. 8 ಜಿಬಿಯ ಕಾರ್ಡಿನಲ್ಲಿ ಮನೆತನದ ಎರಡು ತಲೆಮಾರಿನ ಚಿತ್ರಗಳು ಹಿಡಿಯುತ್ತವೆ.

ಹೊಸ ಕಾರ್ಡಿನ ಮೇಲೆ ಬರೆದ ಗಾತ್ರವನ್ನು ನಂಬುವ ಮೊದಲು ಒಮ್ಮೆ ಪೂರ್ತಿ ತುಂಬಿಸಿ ಓದಿನೋಡುವುದು ಒಳಿತು. ಮೇಲೆ 64 ಎಂದು ಬರೆದು ಒಳಗೆ 8 ಜಿಬಿ ಮಾತ್ರ ಇರುವ ನಕಲಿ ಕಾರ್ಡುಗಳು ಮಾರುಕಟ್ಟೆಯಲ್ಲಿ ಸಿಗುತ್ತವೆ. ಅವು ಕಂಪ್ಯೂಟರಿಗೂ 64 ಎಂದೇ ಹೇಳುತ್ತವೆ, ನಕಲು ಮಾಡುವಾಗ ತಪ್ಪನ್ನೂ ತೋರಿಸುವುದಿಲ್ಲ, ನಿಜವಾದ ಗಾತ್ರ ಮೀರಿದ ಮೇಲಿನ ಚಿತ್ರಗಳನ್ನು ಹಾಳುಮಾಡುತ್ತವೆ. ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ, ಲಿನಕ್ಸ್‌ನಲ್ಲಿ ಎಫ್3 ಎಂಬ ಉಚಿತ ತಂತ್ರಾಂಶಗಳು ಇದನ್ನು ಪರೀಕ್ಷಿಸುತ್ತವೆ. ಪರೀಕ್ಷೆ ಕಾರ್ಡಿನಲ್ಲಿರುವ ಜಾಗವನ್ನೆಲ್ಲ ತುಂಬುವುದರಿಂದ ಖಾಲಿ ಕಾರ್ಡಿನ ಮೇಲೆಯೇ ನಡೆಸಬೇಕು. ಒಂದೆರಡು ಚಿತ್ರಗಳಲ್ಲಿ ಮಾತ್ರ ಕೆಳಗಿನ ಅರ್ಧ ಬೂದಿಬಣ್ಣವಾಗಿದ್ದರೆ, ನಕಲು ಮುಗಿಯುವ ಮೊದಲೇ ಕಾರ್ಡನ್ನು ಕಿತ್ತಿರುವ ಸಾಧ್ಯತೆ ಹೆಚ್ಚು; ಅವುಗಳನ್ನಷ್ಟೇ ಮತ್ತೆ ಹಾಕಿ, ಕಂಪ್ಯೂಟರಿನಲ್ಲಿ ‘ಹೊರತೆಗೆ’ ಎಂಬ ಆಜ್ಞೆ ಕೊಟ್ಟ ಮೇಲೆಯೇ ಕಾರ್ಡನ್ನು ತೆಗೆಯಬೇಕು.

ಮ್ಯಾಕ್ ಕಂಪ್ಯೂಟರಿನಿಂದ ತುಂಬಿದ ಕಾರ್ಡಿನಲ್ಲಿ ಇನ್ನೊಂದು ವಿಚಿತ್ರ ಕಾಣುತ್ತದೆ. ಪ್ರತಿ ಫೋಟೊದ ಜೊತೆಗೆ ಅದೇ ಹೆಸರಿನ, ಮುಂದೆ ಚುಕ್ಕಿ ಮತ್ತು ಅಡಿಗೆರೆ ಇರುವ ಪುಟ್ಟ ಗುಪ್ತ ಕಡತವೊಂದು ಬಂದಿರುತ್ತದೆ. ಫ್ರೇಮ್ ಅದನ್ನೂ ಫೋಟೊವೆಂದು ಎಣಿಸಿ ತೆರೆಯಲು ಹೋಗಿ, ಒಂದು ಬಿಟ್ಟು ಒಂದು ಚಿತ್ರಕ್ಕೆ ‘ತೆರೆಯಲಾಗದು’ ಎಂದು ತೋರಿಸುತ್ತದೆ. ಆ ಗುಪ್ತ ಕಡತಗಳನ್ನು ಅಳಿಸಿದರೆ ತೊಂದರೆ ನಿಲ್ಲುತ್ತದೆ.

ಒಂದೇ ಚಿತ್ರದ ಬಳಿ ನಿಲ್ಲುವುದು

ಎಲ್ಲಕ್ಕಿಂತ ಹೆಚ್ಚು ಹೊತ್ತು ಬೇಡಿದ ಭಾಗವಿದು, ಹೆಚ್ಚು ಕಲಿಸಿದ್ದೂ ಇದೇ. ಫ್ರೇಮ್ ಯಾವ ಚಿತ್ರದ ಮೇಲೆ ನಿಂತಿದೆಯೋ ಅದೇ ಕೆಟ್ಟದ್ದೆಂದು ತೀರ್ಮಾನಿಸಬಾರದು. ಪರದೆಯ ಮೇಲೆ ಉಳಿದಿರುವುದು ಸರಿಯಾಗಿ ತೆರೆದುಕೊಂಡ ಕೊನೆಯ ಚಿತ್ರ. ಅನೇಕ ಫ್ರೇಮುಗಳು ಅದನ್ನು ತೋರಿಸುತ್ತಿರುವಾಗಲೇ ಮುಂದಿನದನ್ನು ಹಿನ್ನೆಲೆಯಲ್ಲಿ ಸಿದ್ಧಪಡಿಸುತ್ತಿರುತ್ತವೆ. ನಾವು ಮೊದಲ ದಿನ ನಿಂತ ಚಿತ್ರವನ್ನೇ ತೆಗೆದುಹಾಕಿದೆವು. ಮರುದಿನ ಅದರ ಹಿಂದಿನ ಚಿತ್ರದ ಮೇಲೆ ನಿಂತಿತು.

ಆಗ ಅರ್ಧರ್ಧ ಮಾಡುವ ವಿಧಾನವನ್ನು ಹಿಡಿದೆವು. ಫ್ರೇಮ್ ಗುರುತಿಸಿದ 256 ಫೋಟೊಗಳಲ್ಲಿ 128ನ್ನು ಮಾತ್ರ ಬೇರೊಂದು ಕಾರ್ಡಿಗೆ ಹಾಕಿ ಓಡಿಸುವುದು. ಅಲ್ಲಿ ನಿಂತರೆ ಆ 128ರಲ್ಲಿ 64ನ್ನು, ನಿಲ್ಲದಿದ್ದರೆ ಉಳಿದ ಗುಂಪಿನಿಂದ 64ನ್ನು ತೆಗೆದುಕೊಳ್ಳುವುದು. ಹೀಗೆ ಎಂಟು ಸಲದಲ್ಲಿ ಒಂದೇ ಫೋಟೊಕ್ಕೆ ಬಂದು ನಿಲ್ಲುತ್ತೇವೆ. ಪ್ರತಿ ಚಿತ್ರಕ್ಕೆ 5 ಸೆಕೆಂಡ್ ಇಟ್ಟರೆ 256 ಚಿತ್ರಗಳಿಗೆ 21 ನಿಮಿಷ ಬೇಕು. ಅರ್ಧರ್ಧವಾಗುತ್ತ ಹೋಗುವುದರಿಂದ ಎಂಟೂ ಸುತ್ತುಗಳ ವೀಕ್ಷಣೆ ಸೇರಿದರೂ ಮತ್ತೊಂದು 21 ನಿಮಿಷವನ್ನು ದಾಟುವುದಿಲ್ಲ. ಎರಡೂ ಅರ್ಧಗಳಲ್ಲಿ ಫ್ರೇಮ್ ನಿಂತರೆ ಗಾಬರಿಯಾಗಬೇಕಿಲ್ಲ, ಕೆಟ್ಟ ಕಡತಗಳು ಒಂದಕ್ಕಿಂತ ಹೆಚ್ಚಿವೆ ಎಂದಷ್ಟೇ ಅದರ ಅರ್ಥ; ಒಂದು ಅರ್ಧವನ್ನು ಮಾತ್ರ ಹಿಡಿದು ಕೊನೆಯವರೆಗೆ ಹೋಗಬೇಕು. ಒಂದನ್ನು ಹಿಡಿದರೆ ಅದರ ಲಕ್ಷಣದಿಂದ ಉಳಿದವು ತಾವಾಗಿ ಸಿಗುತ್ತವೆ.

ನಮಗೆ ಸಿಕ್ಕಿದ್ದು ಧಾರೆಯ ಚಿತ್ರ. ಸ್ಟುಡಿಯೊದವರು ಸ್ಕ್ಯಾನ್ ಮಾಡಿ ಕೊಟ್ಟಿದ್ದ 14 ಕಡತಗಳಲ್ಲಿ ಅದೂ ಒಂದು. ಕಂಪ್ಯೂಟರಿನಲ್ಲಿ ಬಹಳ ಚೆನ್ನಾಗಿ ತೆರೆದುಕೊಳ್ಳುತ್ತಿತ್ತು, ಮೊಬೈಲಿನಲ್ಲಿಯೂ ಕಾಣುತ್ತಿತ್ತು, ಆದ್ದರಿಂದ ಕಡತ ಹಾಳಾಗಿದೆ ಎನ್ನುವಂತಿರಲಿಲ್ಲ. ಅದರ ವಿವರಗಳನ್ನು ಇರ್ಫಾನ್‌ವ್ಯೂ ತಂತ್ರಾಂಶದಲ್ಲಿ ತೆರೆದು ನೋಡಿದಾಗ ಅದು ‘ಪ್ರೋಗ್ರೆಸಿವ್’ ಜೆಪೆಗ್ ಎಂದು ತಿಳಿಯಿತು.

ಜೆಪೆಗ್ ಎಂದರೆ ಫೋಟೊಗಳನ್ನು ಕಡತವಾಗಿ ಉಳಿಸುವ ಸಾಮಾನ್ಯ ರೂಪ. ಆ ಒಂದೇ ಹೆಸರಿನಡಿ ಬರೆಯುವ ಬಗೆ ಒಂದಕ್ಕಿಂತ ಹೆಚ್ಚಿವೆ; ಈ ಮಾನಕ ರೂಪುಗೊಂಡ 1992ರಿಂದಲೂ ಅವು ಅದರಲ್ಲಿವೆ. ‘ಬೇಸ್‌ಲೈನ್’ ಎಂಬ ಸಾಮಾನ್ಯ ಬಗೆಯಲ್ಲಿ ಚಿತ್ರವನ್ನು ಮೇಲಿನಿಂದ ಕೆಳಕ್ಕೆ ಒಂದೇ ಸುತ್ತಿನಲ್ಲಿ ಬರೆಯಲಾಗುತ್ತದೆ, ಗೋಡೆಗೆ ಸುಣ್ಣ ಬಳಿದಂತೆ. ‘ಪ್ರೋಗ್ರೆಸಿವ್’ ಬಗೆಯಲ್ಲಿ ಮೊದಲು ಇಡೀ ಚಿತ್ರದ ಒರಟು ರೂಪ, ನಂತರದ ಸುತ್ತುಗಳಲ್ಲಿ ಅದರ ಮೇಲೆ ವಿವರಗಳು, ರಂಗೋಲಿಗೆ ಮೊದಲು ಚುಕ್ಕಿ ಇಟ್ಟು ಆಮೇಲೆ ಎಳೆ ಎಳೆದು ಕೊನೆಗೆ ಬಣ್ಣ ತುಂಬಿದಂತೆ ಬರುತ್ತವೆ. ನಿಧಾನದ ಇಂಟರ್ನೆಟ್‌ನಲ್ಲಿ ಇದು ಉಪಯುಕ್ತವಾಗಿತ್ತು. ಆದರೆ ಇದನ್ನು ಬಿಡಿಸಲು ಎಲ್ಲ ಸುತ್ತುಗಳ ಮಾಹಿತಿಯನ್ನೂ ಸ್ಮರಣೆಯಲ್ಲಿ ಇಟ್ಟುಕೊಂಡಿರಬೇಕು. ಫೋಟೊ ಫ್ರೇಮಿನೊಳಗಿನ ಪುಟ್ಟ ಚಿಪ್ಪುಗಳಲ್ಲಿ ಎಷ್ಟೋ ಬೇಸ್‌ಲೈನ್ ಒಂದನ್ನೇ ಬಿಡಿಸಬಲ್ಲವು. ಪ್ರೋಗ್ರೆಸಿವ್ ಎದುರಾದಾಗ ಕೆಲವು ಅದನ್ನು ದಾಟಿ ಮುಂದೆ ಹೋಗುತ್ತವೆ, ಕೆಲವು ಅಲ್ಲಿಯೇ ನಿಂತುಬಿಡುತ್ತವೆ. ಸ್ಕ್ಯಾನ್ ಮಾಡಿದ 14 ಕಡತಗಳೂ ಅದೇ ಬಗೆಯವಾಗಿದ್ದವು.

ಪರಿಹಾರ ಕಠಿಣವಲ್ಲ. ಗಿಂಪ್ ಎಂಬ ಚಿತ್ರ ತಿದ್ದುವ ತಂತ್ರಾಂಶದಲ್ಲಿಯೋ ಇರ್ಫಾನ್‌ವ್ಯೂದಲ್ಲಿಯೋ ಚಿತ್ರವನ್ನು ತೆರೆದು, ಜೆಪೆಗ್ ಆಗಿ ಉಳಿಸುವಾಗ ‘ಪ್ರೋಗ್ರೆಸಿವ್’ ಎಂಬ ಗುರುತನ್ನು ತೆಗೆದು, ಬೇರೆ ಹೆಸರಿನಲ್ಲಿ ಉಳಿಸಬೇಕು. ಮೂಲ ಕಡತವನ್ನು ಎಂದಿಗೂ ಮುಟ್ಟಬಾರದು. ಫ್ರೇಮಿಗೆ ಹೋಗುವುದು ಯಾವಾಗಲೂ ನಕಲು ಮಾತ್ರ ಆಗಿರಬೇಕು. ಸ್ಕ್ಯಾನ್ ಮಾಡಿಸಿದ ಮೇಲೆ ಮೂಲ ಚಿತ್ರ ಗೆದ್ದಲು ಹಿಡಿದು ಹೋದ ಮನೆಗಳಲ್ಲಿ ಆ ಕಡತವೇ ಈಗ ಮೂಲ. ಸ್ಟುಡಿಯೊಗಳಿಂದ ಬರುವ ಕಡತಗಳಲ್ಲಿ ಇನ್ನೆರಡು ಸಂಗತಿಗಳನ್ನು ನೋಡಬೇಕು: ಮುದ್ರಣಕ್ಕೆಂದು ನಾಲ್ಕು ಬಣ್ಣಗಳ ಸಿಎಂವೈಕೆ ಕ್ರಮದಲ್ಲಿ ಉಳಿಸಿದ್ದರೆ ಅದನ್ನು ಪರದೆಗೆ ಹೊಂದುವ ಮೂರು ಬಣ್ಣಗಳ ಆರ್‌ಜಿಬಿಗೆ ಬದಲಿಸಬೇಕು, ಟಿಫ್ ಎಂಬ ಬೇರೆ ರೂಪದಲ್ಲಿದ್ದರೆ ಜೆಪೆಗ್‌ಗೆ ತರಬೇಕು.

ಒಂದು ಚಿತ್ರದಿಂದ ಇನ್ನೊಂದಕ್ಕೆ ಹೋಗಲು ಫ್ರೇಮ್ ಬಹಳ ಹೊತ್ತು ತೆಗೆದುಕೊಂಡರೆ ಗಾತ್ರವನ್ನು ನೋಡಬೇಕು. 12 ಮೆಗಾಪಿಕ್ಸೆಲ್‌ನ ಫೋಟೊ ಎಂದರೆ 4000×3000 ಚುಕ್ಕಿಗಳು. ಪ್ರತಿ ಚುಕ್ಕಿಗೆ ಮೂರು ಬೈಟುಗಳಂತೆ ಬಿಡಿಸಿದಾಗ 36 ಎಂಬಿ ಸ್ಮರಣೆ ಬೇಕು. 50 ಮೆಗಾಪಿಕ್ಸೆಲ್‌ಗೆ 150 ಎಂಬಿ. ಆದರೆ 1280×800ರ ಪರದೆ ತೋರಿಸಬಲ್ಲದ್ದು ಹತ್ತು ಲಕ್ಷ ಚುಕ್ಕಿಗಳನ್ನು ಮಾತ್ರ, ಉಳಿದುದೆಲ್ಲವನ್ನೂ ಎಸೆಯಲೇಬೇಕು. ಉದ್ದನೆಯ ಬದಿ 1920 ಚುಕ್ಕಿಗಳಿಗೆ ಬರುವಂತೆ ಎಲ್ಲವನ್ನೂ ಒಟ್ಟಿಗೆ ಕುಗ್ಗಿಸಿ ಹಾಕಿದ ಮೇಲೆ ನಮ್ಮ ಫ್ರೇಮ್ ಚುರುಕಾಯಿತು, ಬಿಸಿಯಾಗುವುದೂ ಕಡಿಮೆಯಾಯಿತು.

ಕಾಣದ ಚಿತ್ರಗಳು, ಮಲಗಿದ ಚಿತ್ರಗಳು

ಲೆಕ್ಕಕ್ಕೆ ಸಿಗದ 34 ಫೋಟೊಗಳು ತಂಗಿಯ ಫೋನಿನಿಂದ ಬಂದವು, ಅವುಗಳ ಹೆಸರಿನ ಕೊನೆಯಲ್ಲಿ ಎಚ್‌ಇಐಸಿ ಎಂದಿತ್ತು. 2017ರಲ್ಲಿ ಬಂದ ಐಒಎಸ್ 11ರಿಂದ ಐಫೋನುಗಳು ಜಾಗ ಉಳಿಸಲು ಈ ರೂಪವನ್ನು ಬಳಸುತ್ತಿವೆ, ಕೆಲವು ಆಂಡ್ರಾಯ್ಡ್ ಫೋನುಗಳಲ್ಲಿಯೂ ಇದರ ಆಯ್ಕೆಯಿದೆ. ಇದನ್ನು ಓದಲಾರದ ಫ್ರೇಮ್ ಅಂತಹ ಕಡತ ಇದೆಯೆಂದೇ ಎಣಿಸುವುದಿಲ್ಲ. ಹೆಸರಿನ ಕೊನೆಯನ್ನು ಜೆಪಿಜಿ ಎಂದು ತಿದ್ದಿದರೆ ಪ್ರಯೋಜನವಿಲ್ಲ. ಒಳಗಿರುವುದು ಬದಲಾಗುವುದಿಲ್ಲ, ಬದಲಿಗೆ ಫ್ರೇಮ್ ಅದನ್ನು ತೆರೆಯಲು ಹೋಗಿ ತೊಡಕಿಗೆ ಸಿಲುಕುತ್ತದೆ. ಕಂಪ್ಯೂಟರಿನಲ್ಲಿ ಜೆಪೆಗ್‌ಗೆ ಪರಿವರ್ತಿಸಬೇಕು. ಮುಂದೆ ತೆಗೆಯುವ ಫೋಟೊಗಳಿಗಾಗಿ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಕ್ಯಾಮೆರಾ, ಅದರೊಳಗೆ ಫಾರ್ಮ್ಯಾಟ್ಸ್, ಅದರೊಳಗೆ ‘ಮೋಸ್ಟ್ ಕಂಪ್ಯಾಟಿಬಲ್’ ಆರಿಸಿದರೆ ನೇರವಾಗಿ ಜೆಪೆಗ್ ಸಿಗುತ್ತದೆ.

ಅಡ್ಡಕ್ಕೆ ಮಲಗುವ ಚಿತ್ರಗಳ ಕಾರಣ ಬೇರೆ. ಫೋನನ್ನು ನಿಲ್ಲಿಸಿ ಹಿಡಿದರೂ ಕ್ಯಾಮೆರಾದ ಸಂವೇದಕ ತಿರುಗುವುದಿಲ್ಲ. ಚಿತ್ರ ಅಡ್ಡವಾಗಿಯೇ ದಾಖಲಾಗಿ, ಜೊತೆಯಲ್ಲಿರುವ ಎಕ್ಸಿಫ್ ಎಂಬ ಟಿಪ್ಪಣಿಯಲ್ಲಿ ‘ತೋರಿಸುವಾಗ ಇಷ್ಟು ತಿರುಗಿಸಿ’ ಎಂದು 1ರಿಂದ 8ರೊಳಗಿನ ಒಂದು ಅಂಕೆ ಬರೆದಿರುತ್ತದೆ. 1 ಎಂದರೆ ಇದ್ದಂತೆಯೇ, 6 ಎಂದರೆ ಬಲಕ್ಕೆ ಕಾಲು ಸುತ್ತು, 3 ಎಂದರೆ ತಲೆಕೆಳಗು. ಆ ಅಂಕೆಯನ್ನು ಓದದ ಫ್ರೇಮಿನಲ್ಲಿ ಚಿತ್ರ ಮಲಗುತ್ತದೆ. ಫೋನಿನ ಗ್ಯಾಲರಿಯಲ್ಲಿ ತಿರುಗಿಸಿ ಮತ್ತೆ ಹಾಕಿದರೂ ಹಾಗೆಯೇ ಕಂಡರೆ, ಆ ಗ್ಯಾಲರಿ ಅಂಕೆಯನ್ನು ಮಾತ್ರ ತಿದ್ದಿದೆ, ಚಿತ್ರವನ್ನಲ್ಲ. ಇದಕ್ಕೆ ವಿರುದ್ಧವಾದದ್ದೂ ಆಗುತ್ತದೆ: ಚಿತ್ರವನ್ನು ನಿಜವಾಗಿ ತಿರುಗಿಸಿ ಅಂಕೆಯನ್ನು 6 ಎಂದೇ ಬಿಟ್ಟರೆ, ಅಂಕೆ ಓದಬಲ್ಲ ಫ್ರೇಮ್ ಮತ್ತೊಮ್ಮೆ ತಿರುಗಿಸುತ್ತದೆ. ಆದ್ದರಿಂದ ಚಿತ್ರವನ್ನು ತಿರುಗಿಸಿ ಅಂಕೆಯನ್ನೂ 1ಕ್ಕೆ ತರುವ ತಂತ್ರಾಂಶವನ್ನೇ ಬಳಸಬೇಕು. ಇರ್ಫಾನ್‌ವ್ಯೂದಲ್ಲಿ ಎಕ್ಸಿಫ್ ಪ್ರಕಾರ ಗುಣಮಟ್ಟ ಕೆಡದಂತೆ ತಿರುಗಿಸುವ ಅನುಕೂಲವಿದೆ.

ಕ್ರಮ ತಪ್ಪಿ ಬರುವುದೂ ಒಂದು ದೂರು. ಜಂಬೂ ಸವಾರಿ ಮೊದಲು ಬಂದು ಬೊಂಬೆ ಕೂರಿಸಿದ್ದು ಆಮೇಲೆ ಬಂದರೆ ಅಮ್ಮನಿಗೆ ಸರಿಬರುತ್ತಿರಲಿಲ್ಲ. ಕೆಲವು ಫ್ರೇಮುಗಳು ದಿನಾಂಕವನ್ನೂ ಹೆಸರನ್ನೂ ನೋಡದೆ, ಕಾರ್ಡಿಗೆ ಯಾವ ಕ್ರಮದಲ್ಲಿ ನಕಲಾದವೋ ಅದೇ ಕ್ರಮದಲ್ಲಿ ತೋರಿಸುತ್ತವೆ. ದಿನಾಂಕ ನೋಡುವ ಫ್ರೇಮಿನಲ್ಲಿಯೂ ವಾಟ್ಸ್‌ಆ್ಯಪ್‌ನಲ್ಲಿ ಸಾಮಾನ್ಯ ಫೋಟೊವಾಗಿ ಬಂದವು ಕ್ರಮ ತಪ್ಪುತ್ತವೆ, ಏಕೆಂದರೆ ಅಲ್ಲಿ ಚಿತ್ರ ಕುಗ್ಗುವುದರ ಜೊತೆಗೆ ಎಕ್ಸಿಫ್‌ನ ದಿನಾಂಕವೂ ಅಳಿದುಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳುಹಿಸಿದರೆ ಎರಡೂ ಉಳಿಯುತ್ತವೆ. 001, 002 ಎಂದು ಅಂಕೆಗಳ ಹೆಸರು ಕೊಟ್ಟು, ಖಾಲಿ ಮಾಡಿದ ಕಾರ್ಡಿಗೆ ಅದೇ ಕ್ರಮದಲ್ಲಿ ನಕಲು ಮಾಡುವುದು ಎಲ್ಲ ಫ್ರೇಮುಗಳಿಗೂ ಹೊಂದುತ್ತದೆ. ಕನ್ನಡದಲ್ಲಿ ಹೆಸರಿಟ್ಟ ಕಡತಗಳು ಫ್ರೇಮಿನಲ್ಲಿ ಚೌಕಗಳಾಗಿ ಕಂಡರೆ ಅಥವಾ ತೆರೆಯದಿದ್ದರೆ ಅದರೊಳಗೆ ಕನ್ನಡ ಅಕ್ಷರಗಳಿಲ್ಲ ಎಂದರ್ಥ. ನಮ್ಮ ಊರಿನ ಅಂಗಡಿಗಳಲ್ಲಿ ಮಾರುವ ಸಾಧನಕ್ಕೆ ಇಷ್ಟಾದರೂ ಬರಬೇಕಿತ್ತೆಂದು ನನಗೆ ಬೇಸರವಿದೆ.

ಅರಮನೆಯ ದೀಪಗಳು ಮಂಕಾಗಿ ಕಂಡರೆ

ಒಂದು ಲಕ್ಷಕ್ಕೆ ಸಮೀಪದ ಬಲ್ಬುಗಳು ಒಮ್ಮೆಲೇ ಹೊತ್ತುವ ಅರಮನೆಯ ಫೋಟೊ ಫೋನಿನಲ್ಲಿ ಝಗಝಗಿಸಿ, ಫ್ರೇಮಿನಲ್ಲಿ ಸಪ್ಪೆಯಾಗಿ ಕಂಡಾಗ ಪರದೆಯನ್ನು ದೂರುವ ಮೊದಲು ಫೋನನ್ನು ಅರ್ಥಮಾಡಿಕೊಳ್ಳಬೇಕು. ಇತ್ತೀಚಿನ ಫೋನುಗಳು ಫೋಟೊದ ಜೊತೆಗೆ, ಬೆಳಗುವ ಭಾಗಗಳನ್ನು ಎಷ್ಟು ಹೆಚ್ಚು ಬೆಳಗಿಸಬೇಕೆಂಬ ನಕ್ಷೆಯನ್ನೂ ಅಡಗಿಸಿರುತ್ತವೆ. 2023ರ ಆಂಡ್ರಾಯ್ಡ್ 14ರಲ್ಲಿ ಇದಕ್ಕೆ ಅಲ್ಟ್ರಾ ಎಚ್‌ಡಿಆರ್ ಎಂಬ ಹೆಸರಿದೆ. ಫೋನಿನ ಪರದೆ ಆ ನಕ್ಷೆಯಂತೆ ದೀಪಗಳನ್ನು ಮಾತ್ರ ಹೆಚ್ಚು ಬೆಳಗಿಸುತ್ತದೆ, ಫ್ರೇಮ್ ನಕ್ಷೆಯನ್ನು ಬಿಟ್ಟು ಸಾಧಾರಣ ಚಿತ್ರವನ್ನಷ್ಟೇ ತೋರಿಸುತ್ತದೆ. ಜೊತೆಗೆ ಡಿಸ್‌ಪ್ಲೇ ಪಿ3 ಎಂಬ ವಿಶಾಲ ವರ್ಣವ್ಯಾಪ್ತಿಯಲ್ಲಿ ತೆಗೆದ ಫೋಟೊಗಳ ಬಣ್ಣದ ಟಿಪ್ಪಣಿಯನ್ನು ಓದದ ಫ್ರೇಮಿನಲ್ಲಿ ಕೆಂಪು, ಹಸಿರು ತುಸು ಸೊರಗುತ್ತವೆ. ಗಿಂಪ್‌ನಲ್ಲಿ ಸಾಮಾನ್ಯ ಪರದೆಗಳ ವರ್ಣವ್ಯಾಪ್ತಿಯಾದ ಎಸ್‌ಆರ್‌ಜಿಬಿಗೆ ಪರಿವರ್ತಿಸಿ, ಕಣ್ಣಿಗೆ ಒಪ್ಪುವಷ್ಟು ಹೊಳಪು ಏರಿಸಿ ಉಳಿಸಿದರೆ ಬಹುಮಟ್ಟಿಗೆ ಸರಿಹೋಗುತ್ತದೆ.

ಫ್ರೇಮನ್ನು ಇಟ್ಟ ಎತ್ತರವನ್ನೂ ನೋಡಬೇಕು. ಟಿಎನ್ ಬಗೆಯ ಅಗ್ಗದ ಪರದೆಗಳು ನೇರ ಎದುರಿನಿಂದ ಮಾತ್ರ ಸರಿಯಾಗಿ ಕಾಣುತ್ತವೆ, ಕೆಳಗಿನಿಂದ ನೋಡಿದರೆ ಬಣ್ಣ ಕಪ್ಪಿಟ್ಟು ಕೆಲವೊಮ್ಮೆ ತಿರುಗುಮುರುಗಾಗುತ್ತದೆ. ಐಪಿಎಸ್ ಎಂಬ ಇನ್ನೊಂದು ಬಗೆಯ ಪರದೆಗೆ ಈ ತೊಂದರೆ ಇಲ್ಲವೆನ್ನುವಷ್ಟು ಕಡಿಮೆ. ನಿಂತು ನೋಡಿದವರಿಗೆ ಚೆನ್ನಾಗಿಯೂ ಕುಳಿತವರಿಗೆ ಕೆಟ್ಟದಾಗಿಯೂ ಕಂಡರೆ ದೇವರ ಪಟದಂತೆ ಎತ್ತರದಲ್ಲಿ ತೂಗುಹಾಕದೆ, ಕುಳಿತವರ ಕಣ್ಣಿನ ಮಟ್ಟಕ್ಕೆ ಇಳಿಸಬೇಕು.

ವೈ-ಫೈ ಹಿಡಿಯದಿದ್ದರೆ

ವೈ-ಫೈ ಇರುವ ಫ್ರೇಮುಗಳಲ್ಲಿ ಹೆಚ್ಚಿನವು 2.4 ಗಿಗಾಹರ್ಟ್ಸ್ ತರಂಗವನ್ನು ಮಾತ್ರ ಹಿಡಿಯುತ್ತವೆ. ರೂಟರ್ 2.4 ಮತ್ತು 5 ಗಿಗಾಹರ್ಟ್ಸ್ ಎರಡಕ್ಕೂ ಒಂದೇ ಹೆಸರಿಟ್ಟಿದ್ದರೆ, ಜೋಡಣೆಯ ಸಮಯದಲ್ಲಿ ಫೋನು 5ರಲ್ಲಿದ್ದು ಫ್ರೇಮ್ ಸಿಗದೆ ಹೋಗಬಹುದು. ಜೋಡಣೆ ಮುಗಿಯುವವರೆಗೆ ರೂಟರಿನಲ್ಲಿ 5ನ್ನು ನಿಲ್ಲಿಸಿಡಬೇಕು. ರೂಟರಿನ ಭದ್ರತೆಯನ್ನು ಡಬ್ಲ್ಯೂಪಿಎ3 ಎಂಬ ಹೊಸ ಬಗೆಯೊಂದಕ್ಕೇ ಮೀಸಲಿಟ್ಟಿದ್ದರೆ ಹಳೆಯ ಡಬ್ಲ್ಯೂಪಿಎ2 ಅನ್ನೂ ಸೇರಿಸಬೇಕು. ಭಾರತದಲ್ಲಿ ರೂಟರುಗಳು 12 ಮತ್ತು 13ನೆಯ ಚಾನೆಲ್ಲನ್ನೂ ಬಳಸಬಹುದು, ಅಮೆರಿಕದ ಮಾರುಕಟ್ಟೆಗೆಂದು ತಯಾರಾದ ಸಾಧನ 11ರವರೆಗೆ ಮಾತ್ರ ಹುಡುಕುತ್ತದೆ. ಆದ್ದರಿಂದ 1, 6, 11ರಲ್ಲಿ ಒಂದನ್ನು ರೂಟರಿನಲ್ಲಿ ಸ್ಥಿರಪಡಿಸುವುದು ಕ್ಷೇಮ. ನಮ್ಮ ಮನೆಯಂತೆ ಗಾರೆಯ ದಪ್ಪ ಗೋಡೆಗಳಿದ್ದರೆ ಫ್ರೇಮನ್ನು ರೂಟರಿನ ಪಕ್ಕದಲ್ಲಿಟ್ಟು ಒಮ್ಮೆ ಜೋಡಿಸಿ ನೋಡಬೇಕು. ಅಲ್ಲಿ ಹಿಡಿದು ಗೂಡಿನಲ್ಲಿ ಬಿಟ್ಟರೆ ದೋಷ ಗೋಡೆಯದು.

ಅಂಗಡಿಗೆ ಒಯ್ಯುವ ಮೊದಲು

ಇಷ್ಟೆಲ್ಲ ಆದ ಮೇಲೂ ತೊಂದರೆ ಉಳಿದರೆ ಪರೀಕ್ಷೆಯ ಕಾರ್ಡೊಂದನ್ನು ಸಿದ್ಧಪಡಿಸಬೇಕು. 8 ಅಥವಾ 16 ಜಿಬಿಯ ಕಾರ್ಡನ್ನು ಫ್ರೇಮಿನಲ್ಲಿಯೇ ಫಾರ್ಮ್ಯಾಟ್ ಮಾಡಿ, ಬೇಸ್‌ಲೈನ್ ಜೆಪೆಗ್‌ನಲ್ಲಿ, 1280×800 ಗಾತ್ರದ, 001ರಿಂದ 005ರವರೆಗೆ ಹೆಸರಿನ ಐದು ಸಾಧಾರಣ ಚಿತ್ರಗಳನ್ನು ಮಾತ್ರ ಹಾಕಬೇಕು. ಮನೆಯವರ ಮುಖಗಳು ಬೇಡ, ಹೂವೋ ಗಿಡವೋ ಸಾಕು. ಜೊತೆಯಲ್ಲಿ ಬಂದ ಅಡಾಪ್ಟರಿನಲ್ಲಿ, ಗೋಡೆಯ ಪ್ಲಗ್ಗಿನಲ್ಲಿ, ಈ ಐದು ಚಿತ್ರಗಳೊಂದಿಗೂ ಫ್ರೇಮ್ ನಿಂತರೆ, ಅಥವಾ ಮೆನುವಿನಲ್ಲಿಯೂ ಉದ್ದಗೆರೆಯೋ ನಡುಕವೋ ಇದ್ದರೆ, ದೋಷ ಸಾಧನದ್ದೇ. ಮೆನುವಿನಲ್ಲಿ ಕಾಣುವ ಗೆರೆಯನ್ನು ಫೋನಿನಲ್ಲಿ ವಿಡಿಯೊ ಮಾಡಿಕೊಂಡು, ನಿಂತ ಸಮಯಗಳನ್ನು ಬರೆದ ಹಾಳೆಯನ್ನೂ ರಸೀದಿಯನ್ನೂ ಪರೀಕ್ಷೆಯ ಕಾರ್ಡನ್ನೂ ಜೊತೆಗೆ ಒಯ್ದರೆ ಅಂಗಡಿಯವರು ಎದುರಿಗೇ ಹಾಕಿ ನೋಡಬಹುದು. ಒಪ್ಪಿಸುವ ಮೊದಲು ಮನೆಯ ಕಾರ್ಡನ್ನು ತೆಗೆದಿಟ್ಟುಕೊಂಡು, ಫ್ರೇಮಿನ ಒಳಸ್ಮರಣೆಗೆ ನಕಲಾದ ಫೋಟೊಗಳನ್ನೂ ವೈ-ಫೈ ಗುಪ್ತಪದವನ್ನೂ ‘ಫ್ಯಾಕ್ಟರಿ ರಿಸೆಟ್’ ಮಾಡಿ ಅಳಿಸಬೇಕು.